ನಾಲ್ಕರ ಹಿಂದಿನ ಬೆಸುಗೆ

ಅವರು ಗಡಿಯಾರವನ್ನು ಎಂದೂ ನೇರವಾಗಿ ನೋಡುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಿಟಕಿಯ ಹತ್ತಿರ ಹೋಗಿ, ಬೆಳಕು ಅದರ ಮುಖದ ಮೇಲೆ ಓರೆಯಾಗಿ ಬೀಳುವಂತೆ ನಿಧಾನವಾಗಿ ವಾಲಿಸುತ್ತಿದ್ದರು. ಆಗ ಅವರ ತುಟಿ ತುಸು ಮುಂದಕ್ಕೆ ಬರುತ್ತಿತ್ತು, ಮಗುವಿಗೆ ಬಿಸಿ ಅನ್ನ ಆರಿಸುವವರ ಹಾಗೆ. ಆಫೀಸಿನ ಬಿಲ್ಲುಗಳನ್ನೂ ಹಾಗೆಯೇ ನೋಡುತ್ತಿದ್ದರು. ತಿದ್ದಿದ ಅಂಕಿ ಇದ್ದರೆ ಆ ಓರೆ ಬೆಳಕಿಗೆ ಸಿಕ್ಕಿಬೀಳದೆ ಹೋಗುತ್ತಿರಲಿಲ್ಲ. ನವಿ ಮುಂಬಯಿಯ ಮಹಾಪೆಯಲ್ಲಿದ್ದ ನಮ್ಮ ಕಂಪನಿಯಲ್ಲಿ ಅವರು ಆಡಿಟ್ ವಿಭಾಗದ ಮುಖ್ಯಸ್ಥೆ, ನಾನು ಅಕೌಂಟ್ಸಿನ ಹೊಸ ಹುಡುಗಿ. ಅವರು ಕಿಟಕಿಯ ಕಡೆ ಎದ್ದರೆಂದರೆ ನಮ್ಮ ಸಾಲಿನಲ್ಲಿ ಎಲ್ಲರ ಕೈ ಕೀಬೋರ್ಡಿನ ಮೇಲೆ ನಿಂತುಬಿಡುತ್ತಿತ್ತು.

ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೆ ಸರಿಬರುತ್ತಿರಲಿಲ್ಲ. ಎಲ್ಲರಿಗೂ ಅವರು ಮೇಡಂ, ನನಗೂ ಹಾಗೆಯೇ. ಮೈಸೂರಿನವರು, ಗಂಡ ಬ್ಯಾಂಕಿನಲ್ಲಿ, ಮನೆ ನೇರೂಳಿನಲ್ಲಿ. ಎತ್ತರದ ಆಳು, ದೊಡ್ಡ ನಗು. ರಿಕ್ಷಾದವರೊಡನೆ ಅವರು ಜಗಳಾಡುತ್ತಿದ್ದ ಮರಾಠಿ ಕೇಳಿದರೆ ರಿಕ್ಷಾದವರೇ ಕರಗಿ ಸುಮ್ಮನಾಗುತ್ತಿದ್ದರು. ನಾನು ಉಡುಪಿ ಕಡೆಯವಳು, ಮದುವೆಯಾಗಿ ಠಾಕುರ್ಲಿಗೆ ಬಂದವಳು. ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ ಆದ್ದರಿಂದ ಊಟದ ಹೊತ್ತಿಗೆ ಅವರ ಎದುರು ಕೂರುವ ಭಾಗ್ಯ, ಅಥವಾ ಶಿಕ್ಷೆ, ನನ್ನದಾಯಿತು.

ದಿನಕ್ಕೊಂದು ಗಡಿಯಾರ ಕಟ್ಟಿಕೊಂಡು ಬರುತ್ತಿದ್ದರು. ಎಲ್ಲವೂ ಗಂಡಸರವು, ಎಲ್ಲವೂ ಹಳೆಯವು. ಮೊದಲ ವಾರ ಅವರ ಕೈಯಲ್ಲಿ ನಾನು ಕಂಡದ್ದು ಕಾಫಿಯ ಬಣ್ಣಕ್ಕೆ ತಿರುಗಿ, ಅಂಚಿನಲ್ಲಿ ಚುಕ್ಕೆ ಚುಕ್ಕೆ ಎದ್ದಿದ್ದ ಒಂದನ್ನು. ಧೈರ್ಯ ಮಾಡಿ ಕೇಳಿದೆ: “ಇದನ್ನು ಹೊಸದರ ಹಾಗೆ ಮಾಡಿಸಬಹುದಲ್ಲ ಮೇಡಂ?”

“ನನ್ನ ಮುಖಕ್ಕೂ ಮಾಡಿಸ್ಬಹುದು ಕಣಮ್ಮ. ಮಾಡಿಸ್ಲಾ?” ಎಂದು ಕ್ಯಾಂಟೀನೆಲ್ಲ ತಿರುಗಿ ನೋಡುವಂತೆ ನಕ್ಕರು.

ಅಂದು ಅವರು ನನಗೆ ಕಲಿಸಿದ ಮೊದಲ ಪದ ರೀಡಯಲ್. ಗಡಿಯಾರದ ಮುಖದ ತಗಡಿಗೆ ಡಯಲ್ ಎನ್ನುತ್ತಾರೆ. ಅದು ಮಾಸಿದರೆ, ಕಲೆಯಾದರೆ, ಪೂರ್ತಿ ಉಜ್ಜಿ ತೆಗೆದು, ಹೊಸ ಬಣ್ಣ ಹೊಡೆದು, ಅಂಕಿ ಅಕ್ಷರಗಳನ್ನು ಮತ್ತೆ ಅಚ್ಚೊತ್ತಿ ಕೊಡುವವರು ಮುಂಬಯಿಯಲ್ಲಿ ಬೇಕಾದಷ್ಟು ಜನರಿದ್ದರು. ಅದೇ ರೀಡಯಲ್. ಮೇಡಂ ಒಮ್ಮೆ ಗಂಡನಿಗೆಂದು ಫುಟ್‌ಪಾತಿನಿಂದ ಒಂದು ಹಳೆಯ ಸ್ವಿಸ್ ವಾಚು ತಂದಿದ್ದರಂತೆ. ಸ್ವಲ್ಪ ದಿನಕ್ಕೆ ಅದರ ಬಣ್ಣ ಅಂಚಿನಲ್ಲಿ ಎದ್ದು, ಅಡಿಯಿಂದ ಬೇರೆ ಯಾವುದೋ ಅಕ್ಷರದ ಬಾಲ ಕಾಣತೊಡಗಿತು. ಬೇರೆಯವರಾಗಿದ್ದರೆ ಮಾರಿದವನನ್ನು ಹುಡುಕಿಕೊಂಡು ಹೋಗುತ್ತಿದ್ದರು. “ನಂಗೆ ಅವನ ಮೇಲೆ ಸಿಟ್ಟೇ ಬರ್ಲಿಲ್ಲ. ಅಳಿಸಿ ಹಾಕಿದ್ದು ಏನಿತ್ತು ಅಂತ ತಿಳ್ಕೊಳ್ಳೋ ಹುಚ್ಚು ಹಿಡೀತು” ಎನ್ನುತ್ತಿದ್ದರು. ಆ ಹುಚ್ಚು ಬಿಡಲೇ ಇಲ್ಲ.

ಇಷ್ಟೆಲ್ಲ ಗಡಿಯಾರಗಳಿದ್ದೂ ಅವರಿಗೆ ಹೊತ್ತು ಎಷ್ಟಾಯಿತೆಂದು ಗೊತ್ತಿರುತ್ತಿರಲಿಲ್ಲ. ಯಾವುದಕ್ಕೂ ಕೀ ಕೊಡುತ್ತಿರಲಿಲ್ಲ. ಮೀಟಿಂಗಿಗೆ ಯಾವಾಗಲೂ ತಡ. “ಟೈಮ್ ಎಷ್ಟಮ್ಮ?” ಎಂದು ನನ್ನನ್ನು ಕೇಳುವರು. “ನಿಮ್ಮ ಕೈಯಲ್ಲೇ ಉಂಟಲ್ಲ ಮೇಡಂ” ಎಂದರೆ, “ಇವರಿಗೆ ವಯಸ್ಸಾಯ್ತು, ಇನ್ನೂ ದುಡಿಸ್ಲಾ?” ಎನ್ನುವರು.

ಅವರ ಕಣ್ಣಿನ ಬಗ್ಗೆ ನಮಗೆಲ್ಲ ಒಂದು ಬಗೆಯ ಬೆರಗಿತ್ತು. ಆದರೆ ಆ ಕಣ್ಣು ಯಾವಾಗಲೂ ಒಳ್ಳೆಯದನ್ನೇ ಮಾಡಿತೆಂದು ಹೇಳಲಾರೆ. ನಮ್ಮ ಡಿಸ್ಪ್ಯಾಚ್ ವಿಭಾಗದಲ್ಲಿ ಒಬ್ಬ ಹಿರಿಯರಿದ್ದರು, ಕಲ್ಯಾಣದಿಂದ ಬರುವವರು. ಮದುವೆಯಲ್ಲಿ ಮಾವ ಕೊಟ್ಟ ವಾಚನ್ನು ಬಿಚ್ಚಿ, “ಜರಾ ಬಘಾ ಮೇಡಂ”, ಸ್ವಲ್ಪ ನೋಡಿ ಎಂದು ಸಂಭ್ರಮದಿಂದ ಅವರ ಕೈಗಿಟ್ಟರು. ಮೇಡಂ ಒಂದೇ ಸಲ ವಾಲಿಸಿ ನೋಡಿ, “ರೀಡಯಲ್. ಮುಳ್ಳುಗಳೂ ಬೇರೆ ವಾಚಿಂದು” ಎಂದು ವಾಪಸು ಕೊಟ್ಟುಬಿಟ್ಟರು. ಆತ ನಕ್ಕರು. ಮರುದಿನದಿಂದ ಆ ವಾಚು ಅವರ ಕೈಯಲ್ಲಿ ಕಾಣಲಿಲ್ಲ.

ಮೇಡಂ ಅದನ್ನು ಗಮನಿಸಿದ್ದು ಎಷ್ಟೋ ವಾರಗಳ ಮೇಲೆ, ಆತ ರಿಜಿಸ್ಟರಿಗೆ ಸಹಿ ಮಾಡುವಾಗ ಮಣಿಕಟ್ಟಿನ ಸುತ್ತ ಬಿಳಿ ಪಟ್ಟಿ ಉಳಿದಿದ್ದು ಕಂಡು. ಅಂದು ಅವರು ತಮ್ಮ ಡಬ್ಬಾ ತೆಗೆದುಕೊಂಡು ಹೋಗಿ ಆತನ ಮೇಜಿನಲ್ಲಿ ಕೂತು ಉಂಡರು. ಏನು ಮಾತಾಡಿದರೋ ತಿಳಿಯದು. ಸಂಜೆ ನನ್ನೊಡನೆ ರಿಕ್ಷಾಕ್ಕೆ ಕಾಯುತ್ತ ಹೇಳಿದರು: “ನೋಡಿ ಅಂದ್ರು ಅವರು. ಹೇಳಿ ಅಂದಿರಲಿಲ್ಲ.” ಅಲ್ಲಿಂದ ಮುಂದೆ ಯಾರು ಯಾವ ಗಡಿಯಾರ ತಂದರೂ ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: “ತಿಳ್ಕೋಬೇಕಾ?” ಕೆಲವರು ಬೇಡವೆಂದು ನಗುತ್ತ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅಂಥವರನ್ನು ಮೇಡಂ ಎಂದೂ ಹಗುರ ಮಾಡಲಿಲ್ಲ.

ತಿಂಗಳಿಗೊಂದು ಭಾನುವಾರ ಥಾಣೆಯ ಒಂದು ಉಡುಪಿ ಹೋಟೆಲಿನ ಮಹಡಿಯಲ್ಲಿ ಹಳೆಯ ವಾಚಿನ ಹುಚ್ಚಿನವರು ಸೇರುತ್ತಿದ್ದರು. ಎಲ್ಲ ಗಂಡಸರು, ನಡುವೆ ಇವರೊಬ್ಬರೇ. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ಒಬ್ಬ ಬೆಂಗಳೂರಿನ ಯುವಕ, ಐಟಿಯವನು, ನೆಟ್ಟಿನಲ್ಲಿ ಕೊಂಡ ಒಂದು ವಾಚನ್ನು ಎಲ್ಲರಿಗೂ ತೋರಿಸುತ್ತಿದ್ದ. ನವಿಲಿನ ಕತ್ತಿನ ನೀಲಿ. “ನೂರಕ್ಕೆ ನೂರು ಒರಿಜಿನಲ್” ಎನ್ನುತ್ತಿದ್ದ. ಅದು ಕೈಯಿಂದ ಕೈಗೆ ದಾಟಿ ಬಂದಾಗ ಅಷ್ಟು ಜನರ ಎದುರು ಮೇಡಂ ತಮ್ಮ ಪ್ರಶ್ನೆ ಕೇಳಲಿಲ್ಲ. ಅವರು ಹಿಂದಿನ ಮುಚ್ಚಳ ತೆಗೆಸಿ ನೋಡಿ, “ಮಷೀನು ತುಂಬ ಚೆನ್ನಾಗಿದೆ. ಇಷ್ಟು ಶುಚಿಯಾಗಿ ಇಟ್ಟಿರೋದು ಕಡಿಮೆ” ಎಂದಷ್ಟೇ ಹೇಳಿದರು. ಹುಡುಗನ ಮುಖ ಅರಳಿತು. ಆದರೆ ಅವನು ಬುದ್ಧಿವಂತ. ಕಾಫಿಯ ಹೊತ್ತಿಗೆ ತಾನೇ ಹತ್ತಿರ ಬಂದು, “ಡಯಲ್ ಬಗ್ಗೆ ಏನೂ ಹೇಳಲಿಲ್ಲ ನೀವು” ಎಂದ.

“ತಿಳ್ಕೋಬೇಕಾ?”

ಅವನು ವಾಚನ್ನು ಮತ್ತೆ ಅವರ ಕೈಗಿಟ್ಟು, “ಹೌದು” ಎಂದ. ಮೇಡಂ ಅವನನ್ನು ಕಿಟಕಿಯ ಬಳಿ ಕರೆದೊಯ್ದು ತೋರಿಸಿದರು: ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಬರೆದಂತೆ ಹರಡಿದ್ದು, ನಿಮಿಷದ ಗೆರೆಗಳು ಅಂಕಿಗಳ ನೇರಕ್ಕೆ ಕೂರದೆ ಒಂದು ಕಡೆ ಜರುಗಿದ್ದು. ಬಳಿಕ ಆ ಹುಡುಗ ಗುಂಪಿಗೆ ವಾಪಸು ಬಂದು, “ನಂದು ರೀಡಯಲ್ ಅಂತೆ. ಬನ್ನಿ, ಹೇಗೆ ಗೊತ್ತಾಗತ್ತೆ ತೋರಿಸ್ತೀನಿ” ಎಂದು ತಾನೇ ಎಲ್ಲರಿಗೂ ಪಾಠ ಹೇಳತೊಡಗಿದ. ಸೋತದ್ದನ್ನು ಅವನು ಅಷ್ಟು ಖುಷಿಯಿಂದ ಹೇಳುವ ಹಾಗೆ ಇವರು ಏನು ಮಾಡಿದರು ಎಂದು ನಾನು ಮನೆ ಮುಟ್ಟುವವರೆಗೂ ಯೋಚಿಸಿದೆ.

ಇಂಥ ಸಣ್ಣಪುಟ್ಟ ಸಂಗತಿಗಳು ಬೇಕಾದಷ್ಟಿವೆ. ಆದರೆ ಅವರು ಯಾರು ಎಂಬುದು ನನಗೆ ನಿಜವಾಗಿ ತಿಳಿದದ್ದು ಕೋಪರಿ ಮಾಮನ ವಾಚಿನ ದಿನ.

ಕೋಪರಿ ಮಾಮ ನನ್ನ ಗಂಡನ ಸೋದರಮಾವ. ಥಾಣೆ ಪೂರ್ವದ ಕೋಪರಿಯಲ್ಲಿ ಅವರ ಚಿಕ್ಕ ಹೋಟೆಲು. ಅವರ ತಮ್ಮ ಇರುವುದು ಡೊಂಬಿವ್ಲಿಯಲ್ಲಿ. ಅವರನ್ನು ನಾವು ಡೊಂಬಿವ್ಲಿ ಮಾಮ ಎನ್ನುತ್ತೇವೆ. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಅಣ್ಣ ತಮ್ಮಂದಿರ ಮಾತು ನಿಂತಿತ್ತು. ಒಬ್ಬರು ಬರುವ ಸಮಾರಂಭಕ್ಕೆ ಇನ್ನೊಬ್ಬರು ಬರುತ್ತಿರಲಿಲ್ಲ. ಕಾರಣ ಒಂದು ವಾಚು ಎಂದು ಮಾತ್ರ ಕೇಳಿದ್ದೆ. ನಮ್ಮ ಮನೆಯ ಒಂದು ನಾಮಕರಣದಲ್ಲಿ ಮಾತಿಗೆ ಮಾತು ಬಂದು ನಾನು ಮೇಡಂ ವಿಷಯ ಹೇಳಿದಾಗ ಕೋಪರಿ ಮಾಮ ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. ನಾಲ್ಕಾರು ದಿನ ಬಿಟ್ಟು ಫೋನು ಮಾಡಿದರು.

“ನಿನ್ನ ಮೇಡಮ್ಮಿಗೆ ಒಂದು ವಾಚು ತೋರಿಸ್ಲಿಕ್ಕುಂಟು ಮಾರಾಯ್ತಿ. ಕರ್ಕೊಂಡು ಬರ್ತಿಯಾ?”

ಮುಂದಿನ ಭಾನುವಾರ ಹೋಟೆಲಿನಲ್ಲಿ ಊಟದ ಗದ್ದಲ ಮುಗಿದ ಮೇಲೆ ಹೋದೆವು. ಮೂಲೆಯ ಮೇಜಿನ ಮೇಲೆ ಮಾಮ ಒಂದು ಕರವಸ್ತ್ರದ ಗಂಟು ಇಟ್ಟರು. ಮೇಡಂ ಅದನ್ನು ಮುಟ್ಟಲಿಲ್ಲ. “ತಿಳ್ಕೋಬೇಕಾ ನಿಮಗೆ?” ಎಂದರು.

“ತಿಳಿಯಲೇಬೇಕು ಮೇಡಂ. ಮಗಳ ಮದುವೆ ಉಂಟು. ಊರಿಂದ ತಂಗಿ ಹೇಳಿದ್ದಾಳೆ, ತಮ್ಮನ್ನ ಕರೆಯದಿದ್ರೆ ತಾನೂ ಬರುದಿಲ್ಲ ಅಂತ. ಅವ ಕಳ್ಳ ಹೌದಾದ್ರೆ ನಾನು ಕರೆಯುದಿಲ್ಲ. ಅಲ್ಲ ಅಂತಾದ್ರೆ...” ಮಾಮ ಅಲ್ಲಿಗೆ ನಿಲ್ಲಿಸಿದರು.

ಸಂಗತಿ ಇಷ್ಟು. ಅವರ ಅಪ್ಪ ಚಿಕ್ಕಂದಿನಲ್ಲೇ ಊರು ಬಿಟ್ಟು ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದವರು. ಜೀವನದಲ್ಲಿ ತನಗೆಂದು ಅವರು ಕೊಂಡ ವಸ್ತು ಒಂದೇ, ಆ ಸ್ವಿಸ್ ವಾಚು. ಅಪ್ಪ ಹೋದ ಮೇಲೆ ಅದು ಕೆಟ್ಟು ಪೆಟ್ಟಿಗೆಯಲ್ಲಿತ್ತು. ಮಾಮ ಈ ಹೋಟೆಲು ಶುರುಮಾಡುವಾಗ ತಮ್ಮ ಯಾರಿಗೂ ಹೇಳದೆ ಅದನ್ನು ಒಯ್ದು, ರಿಪೇರಿ ಮಾಡಿಸಿ, ಉದ್ಘಾಟನೆಯ ದಿನ ನೆಂಟರಿಷ್ಟರ ಎದುರು ಉಡುಗೊರೆಯಾಗಿ ಅಣ್ಣನ ಕೈಗೆ ಕೊಟ್ಟರು. ಡಬ್ಬಿ ತೆಗೆದರೆ ಒಳಗೆ ಹೊಳೆಯುವ ಬಿಳಿ ಮುಖದ ವಾಚು. ಅಪ್ಪನದ್ದು ಹೀಗಿರಲಿಲ್ಲ.

“ಇದು ಅಪ್ಪನದ್ದಲ್ಲ ಅಂದೆ. ಅದೇ ಅಣ್ಣ, ಸ್ವಲ್ಪ ಚಂದ ಮಾಡಿಸಿದ್ದು ಅಂದ. ಸ್ವಲ್ಪ ಅಲ್ಲ ಮೇಡಂ, ಏನೇನೂ ಹೋಲಿಕೆ ಇರಲಿಲ್ಲ. ಅವನಿಗೆ ಆಗ ಕೈಯಲ್ಲಿ ಕೆಲಸ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ವಾಚನ್ನು ಎಲ್ಲಿ ಮಾರಿದೆ ಅಂತ ಕೇಳಿದೆ. ಎಲ್ಲರ ಎದುರಿಗೇ ಕಳುವೆ ಅಂದೆ.” ತುಳುವಿನಲ್ಲಿ ಕಳ್ಳನಿಗೆ ಕಳುವೆ ಎನ್ನುತ್ತಾರೆ. ಆ ವಾಚನ್ನು ಗಲ್ಲಾದ ಮೇಲಿಟ್ಟು, ಹೆಂಡತಿಯನ್ನು ಕರೆದುಕೊಂಡು ಇಳಿದು ಹೋದ ಡೊಂಬಿವ್ಲಿ ಮಾಮ ಮತ್ತೆ ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ.

ಮೇಡಂ ಕರವಸ್ತ್ರದ ಕಡೆ ಈಗಲೂ ನೋಡಲಿಲ್ಲ. “ನಿಮ್ಮ ತಂದೆ ವಾಚು ಹೇಗಿತ್ತು, ನೆನಪಿರೋದೆಲ್ಲ ಹೇಳಿ. ಇದನ್ನ ಆಮೇಲೆ ನೋಡೋಣ.”

ಮಾಮ ಕಣ್ಣು ಮುಚ್ಚಿಕೊಂಡು ಹೇಳಿದರು. ಕೆನೆಯ ಬಣ್ಣ. ಚಿನ್ನದ ಬಣ್ಣದ ಅಂಕಿಗಳು, ಬರೆದದ್ದಲ್ಲ, ಎದ್ದು ನಿಂತದ್ದು. ಅದರಲ್ಲಿ ನಾಲ್ಕು ಮಾತ್ರ ಸೊಟ್ಟ. “ನಾನು ಸಣ್ಣವ ಇರುವಾಗ ನಾವಿದ್ದ ಚಾಳಿನ ಮೆಟ್ಟಿಲಲ್ಲಿ ನನ್ನ ಕೈಯಿಂದ ಬಿತ್ತು. ಗಾಜು ಒಡೀತು, ನಾಲ್ಕು ಉದುರಿ ಹೋಯ್ತು. ಅಪ್ಪ ಬೆಲ್ಟಿನಲ್ಲಿ ಬಾರಿಸಿದ್ರು. ಮತ್ತೆ ಯಾರೋ ರಿಪೇರಿಯವ ಅದನ್ನು ಕಾಯಿಸಿ ಬೆಸುಗೆ ಹಾಕಿ ಕೂರಿಸಿದ. ಸುತ್ತ ಸುಟ್ಟ ಕಲೆ ಉಳೀತು, ಅಂಕಿ ವಾಲಿಯೇ ಕೂತಿತು. ನಾಲ್ಕು ಗಂಟೆಗೆ ಸೊಂಟ ನೋವು ಅಂತ ಅಪ್ಪ ನಗಾಡ್ತಿದ್ರು.”

ಆಮೇಲೆ ಮೇಡಂ ಗಂಟು ಬಿಚ್ಚಿದರು. ಅಚ್ಚ ಬಿಳಿ ಡಯಲ್, ಚಪ್ಪಟೆಯಾದ ಕಪ್ಪು ಅಂಕಿಗಳು. ನಾಲ್ಕು ನೆಟ್ಟಗೆ ನಿಂತಿತ್ತು. ಮೇಡಂ ಬಾಗಿಲ ಬೆಳಕಿಗೆ ಹೋಗಿ ವಾಲಿಸಿ ವಾಲಿಸಿ ನೋಡಿದರು. “ರೀಡಯಲ್ ಅನ್ನೋದು ಖಂಡಿತ. ಯಾವುದರ ಮೇಲೆ ಮಾಡಿದ್ದು ಅನ್ನೋದು ತೆಗೆದು ನೋಡದೆ ಹೇಳಲ್ಲ” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟರು.

ಸ್ಟೇಷನ್ನಿನ ಆಚೆ ಬದಿಯಲ್ಲಿ ಅವರಿಗೆ ಗೊತ್ತಿದ್ದ ರಿಪೇರಿಯ ಅಂಗಡಿ ತೆರೆದಿತ್ತು. ಅಂಗಡಿಯವರು ಮುಳ್ಳುಗಳನ್ನು ಕಿತ್ತು, ತಗಡನ್ನು ಬಿಡಿಸಿ, ಬೋರಲಾಗಿ ಒಂದು ಬಿಳಿ ಕಾಗದದ ಮೇಲಿಟ್ಟರು. ಮೇಡಂ ಭೂತಗನ್ನಡಿ ಹಿಡಿದು ನೋಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಭೂತಗನ್ನಡಿಯನ್ನು ಮಾಮನ ಕೈಗೆ ಕೊಟ್ಟು, “ನೀವೇ ನೋಡಿ” ಎಂದರು.

ಮಾಮ ಬಗ್ಗಿದರು. “ಸುತ್ತಲೂ ಏನೋ ತೂತು ಮುಚ್ಚಿದ ಹಾಗೆ ಉಂಟು. ಎರಡೆರಡು.”

“ಎದ್ದು ನಿಂತ ಅಂಕಿಗಳಿಗೆ ಹಿಂದೆ ಎರಡೆರಡು ಕಾಲಿರ್ತಾವೆ. ತಗಡಿನಲ್ಲಿ ತೂತು ಮಾಡಿ ಕೂರಿಸೋದು. ಬಣ್ಣ ಹೊಡೆದವರು ಅಂಕಿ ಕಿತ್ತು ಹಾಕಿ, ತೂತು ಮುಚ್ಚಿ, ಮೇಲೆ ಅಚ್ಚು ಹಾಕಿದಾರೆ. ಈಗ ನಾಲ್ಕು ಇದ್ದ ಜಾಗ ನೋಡಿ.”

ಮಾಮ ಬಹಳ ಹೊತ್ತು ನೋಡಿದರು. ಭೂತಗನ್ನಡಿ ಕೆಳಗಿಟ್ಟರು. “ಅಲ್ಲಿ ಎಂತದೂ ಇಲ್ಲ ಮೇಡಂ. ಉಳಿದ ಹಾಗೆಯೇ ಉಂಟು.” ಇಷ್ಟು ವರ್ಷ ತಾವು ಹೇಳಿದ್ದೇ ಸರಿಯಾಯಿತೆಂಬ ಸಮಾಧಾನ ಅವರ ದನಿಯಲ್ಲಿ ಎಳ್ಳಷ್ಟೂ ಇರಲಿಲ್ಲ. ತಮ್ಮ ಕಳ್ಳನಾಗಿರದಿರಲಿ ಎಂದು ಅವರು ಎಷ್ಟು ಆಸೆ ಇಟ್ಟುಕೊಂಡು ಬಂದಿದ್ದರೆಂಬುದು ನನಗೆ ಆಗ ತಿಳಿಯಿತು.

ಮೇಡಂ ಅವರ ಭುಜದ ಮೇಲೆ ಕೈಯಿಟ್ಟರು. “ನಾವು ಹಿಂದಿನಿಂದ ನೋಡ್ತಾ ಇದೀವಿ. ಬೋರಲು ಹಾಕಿದರೆ ನಾಲ್ಕು ಎಡಗಡೆ ಬರುತ್ತೆ, ಎಂಟರ ಜಾಗಕ್ಕೆ. ಅಲ್ಲಿ ನೋಡಿ.”

ಮಾಮ ಮತ್ತೆ ಬಗ್ಗಿದರು. ಈ ಸಲ ತಲೆ ಎತ್ತಲೇ ಇಲ್ಲ. ಆಮೇಲೆ ನನಗೂ ತೋರಿಸಿದರು. ಅಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಬೆಸುಗೆಯ ಗಡ್ಡೆ, ಅದರ ಪಕ್ಕಕ್ಕೆ ಒಂದು ಹೆಚ್ಚಿನ ತೂತು, ಸುತ್ತ ಕಾದು ಕಪ್ಪಾದ ಹಿತ್ತಾಳೆ. ಮುಂದಿನ ಮುಖವನ್ನು ಉಜ್ಜಿ ಬೆಳ್ಳಗೆ ಮಾಡಿದವರು, ಯಾರಿಗೂ ಕಾಣದ ಹಿಂಬದಿಯನ್ನು ಹಾಗೇ ಬಿಟ್ಟಿದ್ದರು.

“ಅವನನ್ನು ಕಳುವೆ ಅಂದೆ” ಎಂದರು ಮಾಮ, ಸ್ಟೂಲಿನ ಮೇಲೆ ಕೂತು. ಸ್ವಲ್ಪ ಹೊತ್ತಿಗೆ ಎದ್ದರು. “ಈಗಲೇ ಹೋಗ್ಬೇಕು. ನೀವೂ ಬನ್ನಿ ಮೇಡಂ.”

“ವಾಚಿನ ವಿಷಯ ಹೇಳಿದ್ದಾಯ್ತು. ಮುಂದಿಂದು ನನ್ನ ಕೆಲಸ ಅಲ್ಲ” ಎಂದರು ಮೇಡಂ.

“ನಾನೊಬ್ಬನೇ ಹೋದ್ರೆ ಅವ ಬಾಗಿಲು ಹಾಕಿಕೊಂಡಾನು. ಹೆಂಗಸರಿದ್ರೆ ಹಾಕಲಿಕ್ಕಿಲ್ಲ.”

ಅಂಗಡಿಯವರು ಜೋಡಿಸಿಕೊಟ್ಟ ವಾಚನ್ನು ಜೇಬಿಗೆ ಹಾಕಿಕೊಂಡು ಮಾಮ, ನಾವಿಬ್ಬರು, ಹೀಗೆ ಮೂವರೂ ಡೊಂಬಿವ್ಲಿಯ ಗಾಡಿ ಹತ್ತಿದೆವು. ಲಿಫ್ಟಿಲ್ಲದ ಕಟ್ಟಡ. ಮೂರನೆಯ ಮಾಳಿಗೆ ಹತ್ತುವಾಗ ಮಾಮ ಎರಡು ಕಡೆ ನಿಂತರು, ಏದುಸಿರಿನಿಂದಲೋ ಹೆದರಿಕೆಯಿಂದಲೋ. ಬೆಲ್ಲು ಒತ್ತಿದ್ದಕ್ಕೆ ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿ ಬಾಗಿಲು ತೆರೆದಳು. ಮಾಮನ ಹಿಂದೆ ನಿಂತ ನನ್ನ ಮುಖ ಮೆಟ್ಟಿಲ ಕತ್ತಲಲ್ಲಿತ್ತು. ಎದುರಿಗಿದ್ದ ಮಾಮನನ್ನು ನೋಡಿ, “ಕೋಣ್ ಪಾಹಿಜೆ, ಕಾಕಾ?” ಎಂದಳು. ಯಾರು ಬೇಕಿತ್ತು ಎಂದು. ತನ್ನ ಅಪ್ಪನ ಒಡಹುಟ್ಟಿದವರು ಇವರೆಂದು ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಡೊಂಬಿವ್ಲಿ ಮಾಮ ಬಂದರು. ಲುಂಗಿ, ಬನಿಯನ್ನು, ಕೈಯಲ್ಲಿ ಪೇಪರು. ಅಣ್ಣನನ್ನು ಕಂಡು ನಿಂತೇಬಿಟ್ಟರು. ಕೊನೆಗೆ, ಸಂಜೆಯ ಚಹಾದ ಹೊತ್ತಿನಲ್ಲಿ, ಬೇರೇನೂ ತೋಚದೆ, “ಒಣಸ್ ಆಂಡಾ?” ಎಂದರು. ಊಟ ಆಯಿತೇ ಎಂದು.

ಒಳಗೆ ಕೂತೆವು. ಡೊಂಬಿವ್ಲಿ ಮಾಮನ ಹೆಂಡತಿ, ನಮ್ಮ ಅತ್ತೆ, ನೀರು ತಂದಿಟ್ಟರು. ಅಣ್ಣ ತಮ್ಮಂದಿರ ಮಾತು ತುಳುವಿನಲ್ಲಿ ನಡೆಯಿತು. ಮೇಡಮ್ಮಿಗೆ ತುಳು ಬಾರದು, ನಾನು ಪಕ್ಕದಲ್ಲಿ ಕೂತು ಪಿಸುದನಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೆ. ಕೋಪರಿ ಮಾಮ ನೆಲ ನೋಡುತ್ತ ಹೇಳಿದರು: ತಪ್ಪು ನನ್ನದು, ನೀನು ಅಂದು ಹೇಳಿದ್ದೇ ನಿಜ, ಮಗಳ ಮದುವೆ ಉಂಟು, ನೀನು ಬಂದು ನಿಲ್ಲಬೇಕು. ಡೊಂಬಿವ್ಲಿ ಮಾಮನ ಕಣ್ಣು ತುಂಬಿತು. “ಇಷ್ಟು ವರ್ಷ ಆದ ಮೇಲೆ ಈಗ ಹೇಗೆ ನಂಬಿಕೆ ಬಂತು?” ಎಂದು ಕೇಳಿದರು.

ಕೋಪರಿ ಮಾಮ ತಡವರಿಸಿದರು. “ಹಾಗೇ ಅನಿಸಿತು. ನೀನು ಸುಳ್ಳು ಹೇಳುವವ ಅಲ್ಲ ಅಂತ.”

ತಮ್ಮ ಎದ್ದು ಬಂದು ಅಣ್ಣನ ಕೈ ಹಿಡಿದುಕೊಂಡರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲ ಸುಖವಾಗಿ ಮುಗಿಯಿತೆಂದು ನಾನು ಉಸಿರುಬಿಟ್ಟೆ. ಮೇಡಂ ನನ್ನ ಮೊಣಕೈ ತಿವಿದು, “ಏನಂದ್ರು?” ಎಂದರು. ನಾನು ಹೇಳಿದೆ. ಅವರ ಮುಖ ಬದಲಾಯಿತು.

“ಅದು ನಿಜ ಅಲ್ವಲ್ಲ” ಎಂದರು, ಎಲ್ಲರಿಗೂ ಕೇಳುವ ಹಾಗೆ.

ಆ ಮನೆಯಲ್ಲಿ ಎಲ್ಲರಿಗೂ ಕನ್ನಡ ಅರ್ಥವಾಗುತ್ತಿತ್ತು. ನನಗೆ ನೆಲ ಬಿರಿಯಬಾರದೇ ಎನಿಸಿತು. ಮೇಡಂ ಕೋಪರಿ ಮಾಮನನ್ನೇ ನೋಡುತ್ತ ಮೆಲ್ಲಗೆ ಹೇಳಿದರು: “ನೀವು ಡಯಲ್ ತೆಗೆಸಿ ನೋಡಿ ಬಂದಿದೀರಿ. ಅದನ್ನ ಹೇಳಿಬಿಡಿ. ಇವತ್ತು ಮುಚ್ಚಿಟ್ಟರೆ ನಾಳೆ ಯಾರ ಬಾಯಿಂದಾದ್ರೂ ಗೊತ್ತಾಗತ್ತೆ. ಆಗ ಇವತ್ತು ಕೈ ಹಿಡ್ಕೊಂಡಿದ್ದೂ ಸುಳ್ಳಾಗತ್ತೆ.”

ಡೊಂಬಿವ್ಲಿ ಮಾಮ ಕೈ ಬಿಟ್ಟರು. ತಮ್ಮ ಕುರ್ಚಿಗೆ ಹೋಗಿ ಕೂತರು. “ಅಂದ್ರೆ ನನ್ನ ಮಾತು ಸಾಕಾಗ್ಲಿಲ್ಲ. ತಗಡು ಹೇಳಿದ ಮೇಲೆ ಅಣ್ಣನಿಗೆ ನಂಬಿಕೆ ಬಂತು.”

ಕೆಳಗೆ ರಸ್ತೆಯಲ್ಲಿ ತರಕಾರಿಯವನ ಕೂಗು ಕೇಳಿಸುತ್ತಿತ್ತು. ಕೋಪರಿ ಮಾಮ ಜೇಬಿನಿಂದ ವಾಚು ತೆಗೆದು ಟೀಪಾಯಿಯ ಮೇಲಿಟ್ಟು, “ಹೌದು. ನೋಡಿಯೇ ಬಂದದ್ದು. ನಾಲ್ಕರ ಹಿಂದೆ ಬೆಸುಗೆ ಹಾಗೇ ಉಂಟು” ಎಂದರು. ಮುಂದಿನದನ್ನು ಮೇಡಂ ಹೇಳಿದರು: “ವಾಚು ಬಿಚ್ಚೋಕೆ ಮುಂಚೇನೇ ನಿಮ್ಮಣ್ಣ ಎಲ್ಲ ಹೇಳಿದ್ರು. ಚಿಕ್ಕವರಿದ್ದಾಗ ಮೆಟ್ಟಿಲ ಮೇಲೆ ಅವರ ಕೈಯಿಂದ ಬಿದ್ದು ನಾಲ್ಕು ಉದುರಿತು, ತಂದೆ ಹೊಡೆದ್ರು ಅಂತ. ಒಂದಕ್ಷರ ತಪ್ಪಿಲ್ಲದ ಹಾಗೆ ಹಿಂದುಗಡೆ ಗುರುತು ಸಿಕ್ತು.”

ಡೊಂಬಿವ್ಲಿ ಮಾಮ ತಲೆ ಎತ್ತಿದರು. “ಯಾರ ಕೈಯಿಂದ ಬಿತ್ತು ಅಂದ್ರು?”

“ಅವರ ಕೈಯಿಂದಲೇ.”

ಡೊಂಬಿವ್ಲಿ ಮಾಮ ಅಣ್ಣನನ್ನು ನೋಡಿದರು. ಅಣ್ಣ ಗೋಡೆಯ ಕಡೆ ತಿರುಗಿದರು.

“ಇವ ಇನ್ನೂ ಹಾಗೇ ಹೇಳ್ತಾನಾ?” ಎಂದರು ತಮ್ಮ. ಬಳಿಕ ಮಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಅವಳಿಗೆ ಹೇಳುವವರಂತೆ ಹೇಳಿದರು. “ಬೀಳಿಸಿದ್ದು ನಾನು. ಶಾಲೆಯಲ್ಲಿ ತೋರಿಸ್ಲಿಕ್ಕೆ ಅಂತ ಕದ್ದು ಕಟ್ಟಿಕೊಂಡು ಇಳೀತಿದ್ದೆ. ಕೈಯಿಂದ ಜಾರಿ ಬಿತ್ತು. ಅಪ್ಪ ಬೆಲ್ಟು ಹಿಡಿದು ಬರುವಾಗ ಇವ ನನ್ನ ಮುಂದೆ ಬಂದು ನಿಂತು, ನಾನು ಬೀಳಿಸಿದ್ದು ಅಂದ. ನಾನು ಹಿಂದೆ ನಿಂತು ಪೆಟ್ಟಿನ ಸದ್ದು ಕೇಳ್ತಾ ಇದ್ದೆ. ಒಂದು ಮಾತೂ ಆಡ್ಲಿಲ್ಲ.” ಮೇಡಂ ಕಡೆ ತಿರುಗಿದರು. ಅವರ ಗಂಟಲಿನಿಂದ ಹೊರಟದ್ದು ನಗೆಯೋ ಅಳುವೋ ತಿಳಿಯಲಿಲ್ಲ. “ನಿಮ್ಮದು ಸುಳ್ಳು ಸಾಕ್ಷಿ ಮೇಡಂ.”

ನೆನಪಿರುವುದನ್ನೆಲ್ಲ ಇದ್ದ ಹಾಗೆ ಹೇಳಿ ಎಂದು ಮೇಡಂ ಕೇಳಿದ್ದಕ್ಕೆ ಕೋಪರಿ ಮಾಮ ಕಣ್ಣು ಮುಚ್ಚಿಕೊಂಡು ಎಲ್ಲ ನಿಜವನ್ನೂ ಹೇಳಿ, ಒಂದು ಸುಳ್ಳು ಸೇರಿಸಿದ್ದರು. ತಮ್ಮ ಕಳ್ಳನೆಂದು ನಂಬಿದ್ದ ಅಷ್ಟು ವರ್ಷವೂ ಅದನ್ನು ಕಾಪಾಡಿಕೊಂಡೇ ಬಂದಿದ್ದರು. ಮೇಡಂ ಹಣೆಗೆ ಕೈಹಚ್ಚಿ, “ಯಾಕ್ರೀ ನಂಗೂ ಹಾಗೇ ಹೇಳಿದ್ರಿ?” ಎಂದರು.

“ಅಪ್ಪನ ಹತ್ರ ಒಮ್ಮೆ ಹೇಳಿ ಆಗಿತ್ತಲ್ಲ ಮೇಡಂ” ಎಂದರು ಕೋಪರಿ ಮಾಮ, ಅದಕ್ಕಿಂತ ಬೇರೆ ಕಾರಣ ಬೇಕೇ ಎನ್ನುವಂತೆ. “ಮತ್ತೆ ಬದಲಿಸುದು ಹೇಗೆ?”

ಮೇಡಂ ನಗತೊಡಗಿದರು, ಆ ದೊಡ್ಡ ನಗು. ನಗುತ್ತ ನಗುತ್ತ ಅವರ ಕೆನ್ನೆಯೆಲ್ಲ ಒದ್ದೆಯಾಯಿತು.

ಹಾಗೆಂದು ಅಂದೇ ಎಲ್ಲ ತಿಳಿಯಾಗಲಿಲ್ಲ. ಹೊರಡುವಾಗ ಡೊಂಬಿವ್ಲಿ ಮಾಮ, “ಮದುವೆಗೆ ಬರ್ತೇನೆ ಅಣ್ಣ. ಆದ್ರೆ ನೀನು ಅಂದ ಆ ಶಬ್ದ ಉಂಟಲ್ಲ, ಅದು ನನ್ನ ಕಿವಿಯಿಂದ ಹೋಗ್ಲಿಕ್ಕೆ ಇನ್ನೂ ಸಮಯ ಬೇಕು” ಎಂದರು. ಕೋಪರಿ ಮಾಮ ತಲೆಯಾಡಿಸಿದರು. ಅದೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಮಾತೇ.

ಪ್ಲಾಟ್‌ಫಾರ್ಮಿನಲ್ಲಿ ನಾನು ಮೇಡಂ ಮೇಲೆ ರೇಗಿದೆ. ಎಲ್ಲ ಸರಿಹೋಗಿತ್ತಲ್ಲ, ಮಧ್ಯೆ ಬಾಯಿ ಹಾಕುವ ಅಗತ್ಯ ಏನಿತ್ತು, ಅವರು ಎದ್ದು ಹೋಗಿ ಎಂದಿದ್ದರೆ? ಮೇಡಂ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದರು. ಬೆರಳುಗಳು ಇನ್ನೂ ನಡುಗುತ್ತಿದ್ದವು.

“ಭಯ ಆಗಿತ್ತು ಕಣಮ್ಮ. ಆದ್ರೆ ಅವರು ಬಾಯಿಬಿಟ್ಟು ಕೇಳಿದ್ರು, ಹೇಗೆ ನಂಬಿಕೆ ಬಂತು ಅಂತ. ಕೇಳಿದವರಿಗೆ ಸುಳ್ಳು ಕೊಟ್ಟು ಹೇಗೆ ಎದ್ದು ಬರೋದು?”

ಆ ನಡುಗುವ ಕೈಗಳನ್ನು ನೋಡಿದ ಮೇಲೆ ಅವರ ಕಣ್ಣಿನ ಬಗ್ಗೆ ಇದ್ದ ಬೆರಗೆಲ್ಲ ಅಂದು ಬೇರೆಲ್ಲಿಗೋ ಹೋಗಿ ನೆಲೆಯಾಯಿತು. ತಿದ್ದಿದ ಅಂಕಿಯನ್ನು ಹಿಡಿಯುವವರು ಆಮೇಲೂ ಎಷ್ಟೋ ಜನ ಸಿಕ್ಕಿದ್ದಾರೆ. ಪರರ ಮನೆಯ ಕುರ್ಚಿಯಲ್ಲಿ, ಅಷ್ಟು ಹೆದರಿಕೊಂಡು, ಆ ಮಾತು ಆಡಬಲ್ಲವರನ್ನು ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮದುವೆಗೆ ಮೇಡಂ ಬಂದಿದ್ದರು, ತಡವಾಗಿ, ಮುಹೂರ್ತ ಮುಗಿದ ಮೇಲೆ. ಕೆಲವು ವರ್ಷ ಕಳೆದು ನಿವೃತ್ತರಾಗಿ ಗಂಡನೊಡನೆ ಮೈಸೂರಿಗೆ ಹೋದರು. ಹೊರಡುವ ಮುಂಚೆ ತಮ್ಮ ಗಡಿಯಾರಗಳನ್ನೆಲ್ಲ ಥಾಣೆಯ ಗುಂಪಿನವರಿಗೆ ಹಂಚಿದರು, ಯಾವುದರ ಯಾವ ಭಾಗ ಬದಲಾಗಿದೆ ಎಂದು ಬಾಯಲ್ಲೇ ಒಂದೊಂದಾಗಿ ಹೇಳಿ. ಅಲ್ಲಿಗೆ ಹೋಗಿ ಎರಡು ವರ್ಷವೂ ಆಗಿರಲಿಲ್ಲ, ತೀರಿಕೊಂಡ ಸುದ್ದಿ ಬಂತು. ಇಬ್ಬರು ಮಾಮಂದಿರಿಗೂ ಫೋನು ಮಾಡಿ ತಿಳಿಸಿದೆ. ವೈಕುಂಠ ಸಮಾರಾಧನೆಗೆ ನಾನು ಹೊರಟಾಗ ಸ್ಟೇಷನ್ನಿನಲ್ಲಿ ನೋಡಿದರೆ ಇಬ್ಬರೂ ಒಂದೊಂದು ಚೀಲ ಹಿಡಿದು ನಿಂತಿದ್ದರು. ಮೇಡಮ್ಮನ್ನು ಅವರು ಕಂಡದ್ದು ಒಟ್ಟು ಎರಡೋ ಮೂರೋ ಸಲ. ಬರುತ್ತೇವೆಂದು ನನಗೂ ಹೇಳಿರಲಿಲ್ಲ. ಕೋಪರಿ ಮಾಮನಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ, ತಮ್ಮ ಅವರ ರಟ್ಟೆ ಹಿಡಿದು ಗಾಡಿ ಹತ್ತಿಸಿದರು.

ಮೈಸೂರಿನ ಮನೆಯಲ್ಲಿ ಮೇಡಂ ಅವರ ಗಂಡ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುತ್ತಿದ್ದರು. ನನ್ನನ್ನು ಗುರುತಿಸಿದರು. ಈ ಇಬ್ಬರು ಮುದುಕರ ಗುರುತು ಹತ್ತಲಿಲ್ಲ.

“ನಿಮಗೆ ಅವಳು ಹೇಗೆ ಪರಿಚಯ?” ಎಂದು ಕೇಳಿದರು.

ಕೋಪರಿ ಮಾಮ ತಮ್ಮನ ಕಡೆ ನೋಡಿದರು. ಡೊಂಬಿವ್ಲಿ ಮಾಮ ಕೈಯಲ್ಲಿದ್ದ ಚೀಲ ಕೆಳಗಿಟ್ಟು, ಕೈಮುಗಿದು ಹೇಳಿದರು:

“ನಮ್ಮಿಬ್ಬರನ್ನು ಪರಿಚಯ ಮಾಡಿಸಿದ್ದೇ ಅವರು.”

ಆತ ಇಬ್ಬರ ಮುಖವನ್ನೂ, ಇಬ್ಬರಿಗೂ ಇರುವ ಒಂದೇ ಬಗೆಯ ಬಾಗಿದ ಮೂಗನ್ನೂ ಬದಲಿಸಿ ಬದಲಿಸಿ ನೋಡಿ, ಏನೂ ಕೇಳದೆ, ಇಬ್ಬರ ಕೈಯನ್ನೂ ಒಟ್ಟಿಗೆ ಹಿಡಿದು ಒಳಗೆ ಕರೆದೊಯ್ದರು.